ಬೂದು ಮುಚ್ಚಳದ ಟ್ಯೂಬಿನಿಂದ ಶುರುವಾಗುವ ಪಿಎಚ್‌ಡಿ

"ದಾವಣಗೆರೆಯಲ್ಲಿ ಕೂತು ಇಮ್ಯುನೋಮೆಟಬಾಲಿಸಂ ಪಿಎಚ್‌ಡಿ ಮಾಡಿಸ್ತೀರಾ ಮೇಡಂ?"

ಬೆಂಗಳೂರಿನ ಸಮ್ಮೇಳನಗಳಲ್ಲಿ ಚಹಾ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಇಮ್ಯುನೋಮೆಟಬಾಲಿಸಂ ಅಂದರೆ ನಮ್ಮ ರಕ್ಷಣಾ ಕೋಶಗಳು ಏನು ಉಣ್ಣುತ್ತವೆ, ಉಂಡದ್ದನ್ನು ಏನು ಮಾಡುತ್ತವೆ ಅನ್ನುವ ಅಧ್ಯಯನ. ಕೇಳುವವರ ದನಿಯಲ್ಲಿ ಅರ್ಧ ಅನುಮಾನ, ಅರ್ಧ ಕನಿಕರ. ನಾನು ಉತ್ತರ ಹೇಳುವಷ್ಟರಲ್ಲಿ ಮಾತು ಬೆಣ್ಣೆ ದೋಸೆ ಕಡೆ ತಿರುಗಿರುತ್ತದೆ. ಅಲ್ಲಿ ಹೇಳೋಕೆ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಊರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈಗ ಇಬ್ಬರಿಗೆ ಗೈಡ್. ಒಬ್ಬಳು ಹರಿಹರದವಳು, ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಬಂದವಳು. ಇನ್ನೊಬ್ಬ ಹೊಸದುರ್ಗದ ಕಡೆಯವನು, ಹಲ್ಲಿನ ಡಾಕ್ಟರ್. ಇಬ್ಬರೂ ಸೇರಿ ಒಂದೇ ಪ್ರಶ್ನೆಯ ಎರಡು ತುದಿ ಹಿಡಿದಿದ್ದಾರೆ. ಸಕ್ಕರೆ ಕಾಯಿಲೆ ಇದ್ದವರ ವಸಡು ಬಾತುಕೊಂಡಾಗ, ಅಲ್ಲಿಗೆ ನುಗ್ಗುವ ಬಿಳಿ ರಕ್ತಕಣಗಳು ಏನು ತಿನ್ನುತ್ತವೆ, ತಿಂದದ್ದನ್ನು ಏನು ಮಾಡುತ್ತವೆ? ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ತರಲು ಬಿಡುವುದಿಲ್ಲ. ಇದು ಎರಡೂ ಕಡೆಯಿಂದ ನಡೆಯುವ ವ್ಯವಹಾರ ಅನ್ನುವುದು ಗೊತ್ತಿರುವ ಸಂಗತಿ. ನಡುವೆ ಕೋಶದೊಳಗೆ ಏನಾಗುತ್ತದೆ ಅನ್ನುವುದು ನಮ್ಮ ಪಾಲಿನ ಕೆಲಸ.

ವಿಷಯ ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ರಕ್ಷಣಾ ಕೋಶಗಳು ಸುಮ್ಮನಿರುವಾಗ ಉಣ್ಣುವ ರೀತಿ ಬೇರೆ, ರೊಚ್ಚಿಗೆದ್ದಾಗ ಉಣ್ಣುವ ರೀತಿ ಬೇರೆ. ಮ್ಯಾಕ್ರೋಫೇಜ್ ಎಂಬ ಕೋಶಕ್ಕೆ ಬ್ಯಾಕ್ಟೀರಿಯಾದ ಮೇಲ್ಹೊದಿಕೆಯ ಚೂರು, ಅಂದರೆ ಎಲ್‌ಪಿಎಸ್, ತಾಗಿಸಿದರೆ ಸಾಕು. ಗ್ಲೂಕೋಸನ್ನು ಗಬಗಬ ಎಳೆದುಕೊಂಡು, ಗ್ಲೈಕಾಲಿಸಿಸ್ ಎಂಬ ಗಿಡ್ಡ ದಾರಿಯಲ್ಲಿ ಅರ್ಧಕ್ಕೆ ಒಡೆದು, ಲ್ಯಾಕ್ಟೇಟ್ ಹೊರಗೆ ಹಾಕಲು ಶುರು ಮಾಡುತ್ತದೆ. ಆಮ್ಲಜನಕ ಬೇಕಾದಷ್ಟಿದ್ದರೂ ಹೀಗೇ. 1920ರ ದಶಕದಲ್ಲಿ ಒಟ್ಟೊ ವಾರ್‌ಬರ್ಗ್ ಗೆಡ್ಡೆಗಳಲ್ಲಿ ಕಂಡದ್ದೂ ಇದನ್ನೇ. ಲೆಕ್ಕಕ್ಕೆ ಇದು ನಷ್ಟದ ದಾರಿ. ಒಂದು ಗ್ಲೂಕೋಸಿಗೆ ಈ ದಾರಿಯಲ್ಲಿ ಸಿಗುವುದು 2 ಎಟಿಪಿ, ಅಂದರೆ ಕೋಶದ ಶಕ್ತಿಯ ನಾಣ್ಯ. ಕೋಶದೊಳಗಿನ ಒಲೆಯಾದ ಮೈಟೊಕಾಂಡ್ರಿಯಾದಲ್ಲಿ ಪೂರ್ತಿ ಉರಿಸಿದರೆ ಸುಮಾರು 30. ಆದರೂ ಯಾಕೆ ಹೀಗೆ? ಈ ದಾರಿ ಬೇಗ ಸಾಗುತ್ತದೆ, ಹೊಸ ಸರಕು ಕಟ್ಟಲು ಸಾಮಾನು ಕೊಡುತ್ತದೆ. ಅದಲ್ಲದೆ ನಡುವೆ ಉಳಿಯುವ ಚೂರುಪಾರು ಪದಾರ್ಥಗಳೇ ಕೋಶಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಂಥದ್ದೊಂದು ಪದಾರ್ಥವಾದ ಸಕ್ಸಿನೇಟ್ ಕೂಡಿಬಿದ್ದರೆ ಉರಿಯೂತದ ಸಂಕೇತ ಪ್ರೋಟೀನ್ ಐಎಲ್-1 ಬೀಟಾ ಏರುತ್ತದೆ ಎಂದು 2013ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಲ್ಯೂಕ್ ಓನೀಲ್ ತಂಡ ತೋರಿಸಿತು. ಇಟಕೋನೇಟ್ ಎಂಬ ಇನ್ನೊಂದರ ಕಥೆ ಇನ್ನೂ ಮಜಾ. ಕಾರ್ಖಾನೆಗಳು ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟಿನಿಂದ ತಯಾರಿಸಿ ರೆಸಿನ್ ಮಾಡಲು ಬಳಸುವ ಪದಾರ್ಥ ಅದು. ನಮ್ಮ ಕೋಶಗಳೂ ಅದನ್ನು ಮಾಡಿಕೊಂಡು ಉರಿಯೂತಕ್ಕೆ ಬ್ರೇಕ್ ಹಾಕುತ್ತವೆ.

ಇದೆಲ್ಲ ಇಲಿ ಕೋಶದ ಕಥೆ, ನಮಗೇನು ಅಂತ ಅನ್ನಿಸಬಹುದು. ನನ್ನ ಕೋಣೆಗೆ ಬರುವ ಹೊಸ ವಿದ್ಯಾರ್ಥಿಗೆ ಮೊದಲು ತೋರಿಸುವುದು ಪೇಪರ್ ಅಲ್ಲ, ಮೆಥೊಟ್ರೆಕ್ಸೇಟ್ ಮಾತ್ರೆಯ ಪಟ್ಟಿ. ಕೀಲು ಬಾವು ಇರುವ ಎಷ್ಟೋ ಜನ ಇದನ್ನು ವಾರಕ್ಕೊಂದು ಸಲ ನುಂಗುತ್ತಾರೆ, 7.5ರಿಂದ 25 ಮಿಲಿಗ್ರಾಂ ತನಕ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕೇ ಡಾಕ್ಟರು ಚೀಟಿಯ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆಯಬೇಕು. ಇದು ಫೋಲೇಟ್ ಎಂಬ ವಿಟಮಿನ್ನಿನ ದಾರಿಗೆ ಅಡ್ಡ ಹಾಕುವ ಔಷಧಿ. ಕಡಿಮೆ ಡೋಸಿನಲ್ಲಿ ಅಡೆನೋಸಿನ್ ಎಂಬ ಪದಾರ್ಥವನ್ನು ಹೆಚ್ಚಿಸಿ ಉರಿಯೂತ ತಗ್ಗಿಸುತ್ತದೆ. ಅಂದರೆ ಮೆಟಬಾಲಿಸಂಗೆ ಕೈ ಹಾಕಿ ಇಮ್ಯುನಿಟಿಯನ್ನು ಸಮಾಧಾನ ಮಾಡುವ ಮದ್ದು. ಡಿಎನ್‌ಎ ಕಟ್ಟಲು ಬೇಕಾದ ಸಾಮಾನುಗಳಲ್ಲಿ ಪಿರಿಮಿಡಿನ್ ತಯಾರಿಕೆಯನ್ನು ಲೆಫ್ಲುನಮೈಡ್ ಎಂಬ ಔಷಧಿ ತಡೆಯುತ್ತದೆ, ಪ್ಯೂರಿನ್ ತಯಾರಿಕೆಯನ್ನು ಮೈಕೊಫಿನೊಲೇಟ್. ಈ ವಿಷಯಕ್ಕೆ ಹೊಸ ಹೆಸರು ಬರುವ ಎಷ್ಟೋ ವರ್ಷ ಮೊದಲೇ ಇವೆಲ್ಲ ನಮ್ಮ ಮೆಡಿಕಲ್ ಶಾಪಿನ ಕಪಾಟಿನಲ್ಲಿ ಕೂತಿದ್ದವು.

ಮೆಥೊಟ್ರೆಕ್ಸೇಟ್ ಅಂದಮೇಲೆ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ನಮ್ಮ ಪ್ರಾಕ್ಟಿಕಲ್ ಪುಸ್ತಕದಲ್ಲಿ ರಂಜಕ ಅಳೆಯುವ ಫಿಸ್ಕ್-ಸುಬ್ಬರಾವ್ ವಿಧಾನ ಇದೆಯಲ್ಲ, 1925ರದ್ದು, ಆ ಸುಬ್ಬರಾವ್ ಇವರೇ. 1929ರಲ್ಲಿ ಎಟಿಪಿಯನ್ನು ಗುರುತಿಸಿದವರಲ್ಲೂ ಇವರಿದ್ದರು. ಆಮೇಲೆ ಲೆಡರ್ಲೆ ಕಂಪನಿಯಲ್ಲಿ ಇವರ ತಂಡ ಫೋಲಿಕ್ ಆಸಿಡ್ ತಯಾರಿಸಿತು, ಅದರ ವಿರುದ್ಧ ಕೆಲಸ ಮಾಡುವ ಅಮಿನಾಪ್ಟೆರಿನ್ ತಯಾರಿಸಿತು, ಮೆಥೊಟ್ರೆಕ್ಸೇಟನ್ನೂ ತಯಾರಿಸಿತು. 1948ರಲ್ಲಿ ತೀರಿಕೊಂಡರು. ನೀಲಿ ಬಣ್ಣ ಬಂತಾ ಬಂತಾ ಅಂತ ಕಲರಿಮೀಟರಿಗೆ ಕಣ್ಣು ಹಚ್ಚಿ ಕೂರುವ ಮಕ್ಕಳಿಗೆ, ಹಾಗೆ ಅಳೆಯುತ್ತ ಕೂತವರೇ ಆ ಮಾತ್ರೆಯವರೆಗೆ ಹೋದರು ಅಂತ ಹೇಳಿದರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ಸರಿ, ಈಗ ತರಬೇತಿ ವಿಷಯಕ್ಕೆ ಬರುತ್ತೇನೆ.

ನನ್ನ ಅಭಿಪ್ರಾಯ ನೇರ. ಈ ವಿಷಯದಲ್ಲಿ ಮಕ್ಕಳು ಕಲಿಯಬೇಕಾದ ಮೊದಲ ಪಾಠ ದೊಡ್ಡ ಯಂತ್ರದ್ದಲ್ಲ. ಯಾರು ತಿಂದರು, ಎಷ್ಟು ತಿಂದರು, ತಿಂದದ್ದು ಎಲ್ಲಿಗೆ ಹೋಯಿತು ಅನ್ನುವ ಲೆಕ್ಕದ್ದು. ಆ ಲೆಕ್ಕ ಕಲಿಸಲು ಜಿಲ್ಲಾ ಕೇಂದ್ರದ ಯಾವ ಆಸ್ಪತ್ರೆಯ ಲ್ಯಾಬಾದರೂ ಸಾಕು.

ಹಾಗಾಗಿ ನಾವು ಬೂದು ಮುಚ್ಚಳದ ಟ್ಯೂಬಿನಿಂದ ಶುರು ಮಾಡುತ್ತೇವೆ. ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟವರೆಲ್ಲ ನೋಡಿರುತ್ತೀರಿ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಯಾಕೆ? ರಕ್ತ ಮೈಯಿಂದ ಹೊರಗೆ ಬಂದರೂ ಕೋಶಗಳು ತಿನ್ನುವುದನ್ನು ಬಿಡುವುದಿಲ್ಲ. ಸಾದಾ ಟ್ಯೂಬಿನಲ್ಲಿ ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ಮಾಯ. ಇದು ಪುಸ್ತಕದ ತಂಪು ಕೋಣೆಯ ಲೆಕ್ಕ. ನಮ್ಮ ಏಪ್ರಿಲ್ ತಿಂಗಳಿನಲ್ಲಿ ಕರೆಂಟು ಹೋಗಿ ಎಸಿ ನಿಂತ ಕೋಣೆಯಲ್ಲಿ ಇನ್ನೂ ಜಾಸ್ತಿ. ಫ್ಲೋರೈಡ್ ಎನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಜಗಳೂರು, ಮೊಳಕಾಲ್ಮೂರು ಕಡೆಯ ಮಕ್ಕಳಿಗೆ ಫ್ಲೋರೈಡ್ ಅಂದರೆ ಬೋರ್‌ವೆಲ್ ನೀರು, ಹಳದಿ ಹಲ್ಲು. ಅದೇ ಪದಾರ್ಥ ಇಲ್ಲಿ ಕಾವಲು ಕೂತಿರುತ್ತದೆ, ಪ್ರಮಾಣ ಮಾತ್ರ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇಲ್ಲೇ ಒಂದು ಸಣ್ಣ ತಿರುವು ಇದೆ, ನನಗೆ ಬಹಳ ಇಷ್ಟದ್ದು. ಎನೊಲೇಸ್ ಇರುವುದು ದಾರಿಯ ಕೊನೆ ಭಾಗದಲ್ಲಿ. ಅಲ್ಲಿ ಗೇಟು ಹಾಕಿದರೆ ಲ್ಯಾಕ್ಟೇಟ್ ಬೇಗ ನಿಲ್ಲುತ್ತದೆ. ಆದರೆ ದಾರಿಯ ಶುರುವಿನಲ್ಲಿರುವ ಹೆಕ್ಸೊಕೈನೇಸ್ ಎಂಬ ಕಿಣ್ವ ಎಟಿಪಿ ಮುಗಿಯುವ ತನಕ ಗ್ಲೂಕೋಸ್ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಬೂದು ಟ್ಯೂಬಿನಲ್ಲೂ ಮೊದಲ ಒಂದೆರಡು ಗಂಟೆ ಸಕ್ಕರೆ ಇಳಿಯುತ್ತದೆ. ಸಾವಿರಾರು ಟ್ಯೂಬು ಮುಟ್ಟಿದ ಟೆಕ್ನಿಷಿಯನ್‌ಗಳಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಎಲ್ಲಿ ತಡೆದರೆ ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಅನ್ನುವ ಯೋಚನೆ ಈ ಟ್ಯೂಬಿನಲ್ಲೇ ಬಂದರೆ, ಮುಂದೆ ಯಾವ ಇನ್‌ಹಿಬಿಟರ್, ಅಂದರೆ ಕಿಣ್ವ ತಡೆಯುವ ಪದಾರ್ಥ, ಕೈಗೆ ಕೊಟ್ಟರೂ ಅವರು ಸುಮ್ನೆ ಹಾಕಿ ಗ್ರಾಫ್ ಬರೆಯುವುದಿಲ್ಲ.

ಮುಂದಿನ ಹಂತದಲ್ಲಿ ಅವರದೇ ರಕ್ತ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬುಗಳಿಗೆ ಹಂಚಿ, ಒಂದನ್ನು ಐಸಿನಲ್ಲಿ, ಒಂದನ್ನು 37 ಡಿಗ್ರಿಯಲ್ಲಿ, ಒಂದಕ್ಕೆ ಎಲ್‌ಪಿಎಸ್ ಹಾಕಿ ಇಡುವುದು. ಗಂಟೆಗೊಮ್ಮೆ ಗ್ಲೂಕೋಸ್, ಲ್ಯಾಕ್ಟೇಟ್ ಅಳೆಯುವುದು. ಹರಿಹರದ ಹುಡುಗಿ ಮೊದಲ ಸಲ ಗ್ರಾಫ್ ಹಿಡಿದು ಓಡಿ ಬಂದಳು.

"ಮೇಡಂ, ನೋಡಿ, ಬಿಳಿ ರಕ್ತಕಣಗಳು ಎಷ್ಟು ಸಕ್ಕರೆ ತಿಂದಿವೆ!"

"ಬಿಳಿಯವೇ ತಿಂದವು ಅಂತ ಹೇಗೆ ಗೊತ್ತಾಯ್ತಮ್ಮ?"

ಅವಳು ಸುಮ್ಮನಾದಳು. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಕೆಂಪು ಕಣ ಸುಮಾರು 50 ಲಕ್ಷ. ಬಿಳಿ ಕಣ 4ರಿಂದ 11 ಸಾವಿರ. ಕೆಂಪು ಕಣಕ್ಕೆ ಮೈಟೊಕಾಂಡ್ರಿಯಾವೇ ಇಲ್ಲ, ಗ್ಲೈಕಾಲಿಸಿಸ್ ಬಿಟ್ಟರೆ ಅದಕ್ಕೆ ಗತಿಯಿಲ್ಲ. ಟ್ಯೂಬಿನಲ್ಲಿ ಕರಗಿದ ಸಕ್ಕರೆಯ ಬಹುಪಾಲು ತಿಂದದ್ದು ಅವೇ. ಬಿಳಿ ಕಣಗಳ ಸಂಖ್ಯೆ ವಿಪರೀತ ಏರಿದ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ರೋಗಿಯಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಟ್ಯೂಬು ಲ್ಯಾಬಿಗೆ ಬರುವಷ್ಟರಲ್ಲಿ ಬಿಳಿ ಕಣಗಳು ಸಕ್ಕರೆಯನ್ನು ಖಾಲಿ ಮಾಡಿ, ರೋಗಿ ಚೆನ್ನಾಗಿಯೇ ಕೂತಿದ್ದರೂ ರಿಪೋರ್ಟಿನಲ್ಲಿ ಸಕ್ಕರೆ ಕುಸಿದಂತೆ ಕಾಣುವುದುಂಟು.

ಆ ಒಂದು ಪ್ರಶ್ನೆಯಿಂದ ಅವಳ ಮುಂದಿನ ಆರು ತಿಂಗಳ ಕೆಲಸ ತಾನಾಗಿ ಬಿಚ್ಚಿಕೊಂಡಿತು. ಬಿಳಿ ಕಣ ಬೇರೆ ಮಾಡಬೇಕು. ಅದರಲ್ಲೂ ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣ ಬೇರೆ ಮಾಡಬೇಕು. ಉಳಿದ ಕೆಂಪು ಕಣ ಒಡೆಯಬೇಕು. ಪ್ಲೇಟ್‌ಲೆಟ್ ಎಷ್ಟು ಅಂಟಿಕೊಂಡಿದೆ ಎಣಿಸಬೇಕು. ಆಮೇಲೆ ಒಳಗೆ ಹೋದದ್ದು, ಹೊರಗೆ ಬಂದದ್ದು ತೂಗಬೇಕು. ಒಂದು ಗ್ಲೂಕೋಸ್ ಪೂರ್ತಿ ಆ ದಾರಿ ಹಿಡಿದರೆ ಎರಡು ಲ್ಯಾಕ್ಟೇಟ್ ಬರಬೇಕು. 100 ಹೋಗಿ 200 ಬಂದರೆ ಲೆಕ್ಕ ಚುಕ್ತಾ. 140 ಮಾತ್ರ ಬಂದರೆ ಉಳಿದದ್ದು ಎಲ್ಲಿ? ಮೈಟೊಕಾಂಡ್ರಿಯಾಕ್ಕೆ ಹೋಯಿತಾ, ಪೆಂಟೋಸ್ ದಾರಿ ಎಂಬ ಕವಲು ಹಿಡಿಯಿತಾ, ಗ್ಲೈಕೊಜೆನ್ ಎಂಬ ದಾಸ್ತಾನು ಆಗಿ ಕೂತಿತಾ? ಅವಳ ತಂದೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರು. "ಇದು ನಮ್ಮಪ್ಪನ ಖಾತೆ ಪುಸ್ತಕವೇ ಮೇಡಂ. ಬಂದ ಚೀಲ, ಹೋದ ಚೀಲ, ಗೋಡೌನ್‌ನಲ್ಲಿ ಉಳಿದ ಚೀಲ. ಮೂರೂ ಕೂಡದಿದ್ದರೆ ಅಪ್ಪ ಊಟಕ್ಕೇ ಬರಲ್ಲ" ಅಂದಳು. ಅವತ್ತಿನಿಂದ ನನಗೆ ಅವಳ ಬಗ್ಗೆ ಚಿಂತೆ ಇಲ್ಲ.

ಲ್ಯಾಕ್ಟೇಟ್ ಅಳೆಯಲು ನಮ್ಮಲ್ಲಿರುವುದು ಹಳೆಯ ಸೆಮಿ-ಆಟೊ ಅನಲೈಸರ್. 340 ನ್ಯಾನೊಮೀಟರ್ ಫಿಲ್ಟರ್ ಇದ್ದರೆ ಸಾಕು. ಲ್ಯಾಕ್ಟೇಟ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಲ್ಯಾಕ್ಟೇಟನ್ನು ಪೈರುವೇಟ್ ಮಾಡುವಾಗ ಎನ್‌ಎಡಿ ಎನ್ನುವ ಸಹಾಯಕ ಅಣು ಎನ್‌ಎಡಿಎಚ್ ಆಗುತ್ತದೆ, ಅದು 340ರ ಬೆಳಕನ್ನು ಹೀರುತ್ತದೆ. ಈ ಬೆಳಕಿನ ಉಪಾಯವೂ ವಾರ್‌ಬರ್ಗ್ ಅವರದೇ, 1930ರ ದಶಕದ್ದು. ಊರಿನ ಸಣ್ಣಪುಟ್ಟ ಲ್ಯಾಬುಗಳಲ್ಲೂ ಲಿವರ್ ಟೆಸ್ಟಿಗೆ ಇದೇ ತಂತ್ರ ದಿನಾ ಓಡುತ್ತದೆ. ಈಗ ಎಲ್ಲರೂ ಬೇಕು ಅನ್ನುವ ಸೀಹಾರ್ಸ್ ಯಂತ್ರ ಕೋಶ ಆಮ್ಲಜನಕ ಎಳೆಯುವ ವೇಗವನ್ನೂ, ಸುತ್ತಲಿನ ದ್ರವ ಹುಳಿಯಾಗುವ ವೇಗವನ್ನೂ ಹೇಳುತ್ತದೆ. ಒಳ್ಳೆಯ ಯಂತ್ರವೇ, ಇಲ್ಲ ಅನ್ನಲ್ಲ. ಆದರೆ ಹುಳಿ ಬರೀ ಲ್ಯಾಕ್ಟೇಟಿನಿಂದ ಬರಲ್ಲ, ಉಸಿರಾಟದ ಇಂಗಾಲದ ಡೈಆಕ್ಸೈಡ್‌ನಿಂದಲೂ ಬರುತ್ತದೆ. ಲ್ಯಾಕ್ಟೇಟನ್ನು ಕೈಯಾರೆ ಅಳೆದು ಗೊತ್ತಿದ್ದವರಿಗೆ ಆ ಗೆರೆ ಓದಲು ಬರುತ್ತದೆ. ಯಂತ್ರದಿಂದಲೇ ಶುರು ಮಾಡಿದ ಎಷ್ಟೋ ಮಕ್ಕಳಿಗೆ ಆ ಗೆರೆಯೇ ಸತ್ಯ.

ಕೋಶ ಬೆಳೆಸುವ ದ್ರವದ ಬಗ್ಗೆಯೂ ಒಂದು ಮಾತು. ಆರ್‌ಪಿಎಂಐ 1640 ಅಂತ ಎಲ್ಲ ಲ್ಯಾಬಿನಲ್ಲೂ ಇರುವ ಗುಲಾಬಿ ದ್ರವ. ಬಾಟಲಿ ಲೇಬಲ್ ಓದಿ ಅಂತ ಇಬ್ಬರಿಗೂ ಕೊಟ್ಟೆ. ಲೀಟರಿಗೆ 2 ಗ್ರಾಂ ಗ್ಲೂಕೋಸ್. ನಾವು ಆಸ್ಪತ್ರೆಯಲ್ಲಿ ಹೇಳುವ ಭಾಷೆಯಲ್ಲಿ 200. ಹಲ್ಲಿನ ಡಾಕ್ಟರ್ ಹುಡುಗನಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ಇದು ಶುಗರ್ ಪೇಷಂಟ್ ಬಾಟಲಿ!" ಹೈ ಗ್ಲೂಕೋಸ್ ಡಿಎಂಇಎಂ ಅಂತ ಇನ್ನೊಂದಿದೆ, ಅದರಲ್ಲಿ 450. ಅಲ್ಲಿ ಬೆಳೆದ ಕೋಶವನ್ನು ನಾರ್ಮಲ್ ಅಂತ ಕರೆದು, ಅದಕ್ಕೆ ಹೋಲಿಸಿ ಡಯಾಬಿಟಿಸ್ ಬಗ್ಗೆ ಮಾತಾಡುವ ಪೇಪರುಗಳು ಬೇಕಾದಷ್ಟಿವೆ. ಮನುಷ್ಯರ ರಕ್ತದಲ್ಲಿ ಯೂರಿಕ್ ಆಸಿಡ್ ಇರುತ್ತದೆ, ಈ ದ್ರವಗಳಲ್ಲಿ ಇಲ್ಲ. ಇಲಿಗೆ ಅದನ್ನು ಒಡೆಯುವ ಕಿಣ್ವ ಇದೆ, ನಮಗಿಲ್ಲ. ಇಲಿ ಮ್ಯಾಕ್ರೋಫೇಜ್ ಡಿಶ್‌ನಲ್ಲಿ ಧಾರಾಳವಾಗಿ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ, ನಮ್ಮ ರಕ್ತದಿಂದ ತೆಗೆದ ಮ್ಯಾಕ್ರೋಫೇಜ್ ಹಾಗೆ ಮಾಡುವುದಿಲ್ಲ. ಈ ಸಣ್ಣ ವ್ಯತ್ಯಾಸಗಳನ್ನು ಕಲಿಸುವುದೇ ಪಿಎಚ್‌ಡಿಯ ಅರ್ಧ ಕೆಲಸ. ದುಡ್ಡು ಬೇಡ ಇದಕ್ಕೆ, ಲೇಬಲ್ ಓದುವ ತಾಳ್ಮೆ ಬೇಕು.

ಇನ್ನೊಂದು ದೃಶ್ಯ ಹೇಳಲೇಬೇಕು. ನೈಟ್ರೊಬ್ಲೂ ಟೆಟ್ರಜೋಲಿಯಂ, ಎನ್‌ಬಿಟಿ, ಅಂತ ಹಳದಿ ಬಣ್ಣದ ದ್ರಾವಣ. ನ್ಯೂಟ್ರೊಫಿಲ್‌ಗಳಿಗೆ ಇದನ್ನು ಹಾಕಿ, ಎಲ್‌ಪಿಎಸ್‌ನಿಂದ ಕೆರಳಿಸಿ, 37 ಡಿಗ್ರಿಯಲ್ಲಿ ಇಟ್ಟು, ಸ್ಲೈಡ್ ಮೇಲೆ ಹರಡಿ ನೂರರ ಲೆನ್ಸಿನಲ್ಲಿ ನೋಡಬೇಕು. ಕೆರಳಿದ ಕೋಶದೊಳಗೆ ಕಡುನೀಲಿ ಕಲೆ ಕೂತಿರುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಕೋಶ ಹೊರಬಿಡುವ ಸೂಪರ್‌ಆಕ್ಸೈಡ್ ಆ ಹಳದಿಯನ್ನು ನೀಲಿ ಮಾಡಿದ್ದು. ಸೂಪರ್‌ಆಕ್ಸೈಡ್ ಮಾಡಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಸಹಾಯಕ ಅಣು ಬೇಕು, ಅದು ಬರುವುದು ಗ್ಲೂಕೋಸಿನ ಪೆಂಟೋಸ್ ದಾರಿಯಿಂದ. ಅಂದರೆ ಕೋಶ ತಿಂದ ಸಕ್ಕರೆ ಆಯುಧವಾದದ್ದನ್ನು ಕಣ್ಣಾರೆ ನೋಡಬಹುದು. ಸಾದಾ ಮೈಕ್ರೊಸ್ಕೋಪು, ಹಳೆಯ ಬಣ್ಣ, ಅಷ್ಟೇ.

ಇದಕ್ಕೆ 2-ಡಿಆಕ್ಸಿಗ್ಲೂಕೋಸ್ ಸೇರಿಸಿ ನೋಡು ಅಂತ ಹಲ್ಲಿನ ಡಾಕ್ಟರ್ ಹುಡುಗನಿಗೆ ಅಂದೆ. ನಿಮಗೂ ನೆನಪಿರಬೇಕು, 2021ರ ಮೇ ತಿಂಗಳಲ್ಲಿ ಕೋವಿಡ್‌ಗೆ ಡಿಆರ್‌ಡಿಒ ತಂದ ಪುಡಿ ಪ್ಯಾಕೆಟ್, 2-ಡಿಜಿ. ಪ್ರಯೋಗದ ಪೂರ್ತಿ ಅಂಕಿಅಂಶ ಹೊರಗೆ ಬರುವ ಮೊದಲೇ ತುರ್ತು ಅನುಮತಿ ಕೊಟ್ಟಿದ್ದಕ್ಕೆ ಆಗ ಟೀಕೆಯೂ ಬಂತು. ಅದು ಗ್ಲೂಕೋಸಿನ ವೇಷ ಹಾಕಿಕೊಂಡು ಕೋಶದೊಳಗೆ ಹೋಗಿ ದಾರಿಗೆ ಅಡ್ಡ ಮಲಗುವ ಅಣು. ಹುಡುಗ ಹಾಕಿ ನೋಡಿದ. ನೀಲಿ ಕೋಶಗಳು ಕಡಿಮೆಯಾದವು. ಖುಷಿಯಾಗಿ ಫೋಟೊ ಕಳಿಸಿದ. ನಾನು ಕೇಳಿದ್ದು ಒಂದೇ, "ಕೋಶ ಬದುಕಿದೆಯಾ ನೋಡಪ್ಪಾ." ಸತ್ತ ಕೋಶವೂ ನೀಲಿ ಮಾಡುವುದಿಲ್ಲ. ಬೇರೆ ಸ್ಲೈಡ್ ಮಾಡಿ ಟ್ರೈಪಾನ್ ಬ್ಲೂ ಹಾಕಿ ಎಣಿಸಿದ. ಅಲ್ಲಿ ನೀಲಿ ಬಂದರೆ ಸತ್ತಿದೆ ಅಂತ ಅರ್ಥ, ಇಲ್ಲಿ ನೀಲಿ ಬಂದರೆ ಹೊಡೆದಾಡುತ್ತಿದೆ ಅಂತ ಅರ್ಥ. ಒಂದು ವಾರ ಅವನು ನೀಲಿ ಅಂಗಿ ಹಾಕಿಕೊಂಡು ಬಂದರೂ ಹುಡುಗಿ ರೇಗಿಸುತ್ತಿದ್ದಳು. ಕೋಶಗಳು ಬದುಕಿದ್ದವು, ಅದು ಬೇರೆ ಮಾತು. ಆದರೆ ಆ ಪ್ರಶ್ನೆ ಈಗ ಅವನಿಗೆ ತಾನಾಗಿಯೇ ಬರುತ್ತದೆ.

ನ್ಯೂಟ್ರೊಫಿಲ್ ಜೊತೆ ಕೆಲಸ ಮಾಡುವುದರ ಕಷ್ಟ ಒಂದಿದೆ. ಫ್ರೀಜರಿನಲ್ಲಿಟ್ಟು ನಾಳೆ ನೋಡೋಣ ಅನ್ನುವ ಹಾಗಿಲ್ಲ. ತೆಗೆದ ಕೆಲವು ಗಂಟೆಯೊಳಗೆ ಎಲ್ಲ ಮುಗಿಯಬೇಕು. ದೊಡ್ಡ ಊರುಗಳಲ್ಲಿ ಓಪಿಡಿ ಒಂದು ಕಡೆ, ಲ್ಯಾಬು ಇನ್ನೊಂದು ಕಡೆ, ನಡುವೆ ಟ್ರಾಫಿಕ್. ಇಲ್ಲಿ ಹಲ್ಲಿನ ಆಸ್ಪತ್ರೆಯ ಕುರ್ಚಿಯಿಂದ ನಮ್ಮ ಸೆಂಟ್ರಿಫ್ಯೂಜಿಗೆ ಸ್ಕೂಟರಿನಲ್ಲಿ ಐಸ್ ಡಬ್ಬ ಹಿಡಿದು ಬಂದರೆ ಮುಗಿಯಿತು. ಸಣ್ಣ ಊರಿನ ಲಾಭ ಅಂದರೆ ಇದು, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೇ. ನಷ್ಟಗಳೂ ಇವೆ. ಆರೋಗ್ಯವಂತರ ಗುಂಪಿಗೆ ಅಂತ ಬಂದ ಒಬ್ಬ ಸ್ವಯಂಸೇವಕರು ಖಾಲಿ ಹೊಟ್ಟೆ ಅಂತ ಹೇಳಿದ್ದರು. ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ನೋಡಿದರೆ ಪ್ಲಾಸ್ಮಾ, ಅಂದರೆ ಮೇಲೆ ನಿಲ್ಲುವ ತಿಳಿ, ತಿಂದ ಕೊಬ್ಬಿನಿಂದ ಮಜ್ಜಿಗೆ ಬಣ್ಣ. ಕೇಳಿದರೆ, "ಊಟ ಮಾಡಿಲ್ಲ ಮೇಡಂ, ಬರೀ ಎರಡು ಬೆಣ್ಣೆ ದೋಸೆ" ಅಂದರು.

ರೋಗಿಗಳ ಜೊತೆ ಮಾತಾಡುವುದನ್ನು ಯಾವ ಕೋರ್ಸ್‌ವರ್ಕೂ ಸರಿಯಾಗಿ ಕಲಿಸುವುದಿಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯಿರಿ ಅಂದರೆ ಹುಡುಗಿ ಮೊದಲು ತಂದದ್ದು ಸರ್ಕಾರಿ ಗೆಜೆಟ್ ತರಹ ಇತ್ತು. ಜೋರಾಗಿ ಓದಿಸಿದೆ. ಅವಳಿಗೇ ಅರ್ಥವಾಗಲಿಲ್ಲ. ಆಮೇಲೆ ಹುಡುಗನ ಜೊತೆ ಓಪಿಡಿಯಲ್ಲಿ ಕೂರಿಸಿದೆ. ಹೊನ್ನಾಳಿ ಕಡೆಯ ಒಬ್ಬ ಅಜ್ಜಿ ಬಂದರು.

"ಎಷ್ಟು ರಕ್ತ ತಗೀತೀಯಪ್ಪ?"

"ಎರಡು ಚಮಚ ಅಜ್ಜಿ. ಹತ್ತು ಎಂಎಲ್."

"ಅದನ್ನ ಏನ್ ಮಾಡ್ತೀಯ?"

"ನಿಮ್ಮ ರಕ್ತದಾಗಿನ ಬಿಳಿ ಕಣ ಎಷ್ಟು ಸಕ್ಕರೆ ತಿಂತಾವೆ ಅಂತ ನೋಡ್ತೀವಿ."

"ನನಗೆ ಸಕ್ಕರೆ ಮುಟ್ಟಬ್ಯಾಡ ಅಂತೀರಿ. ಅವಕ್ಕೆ ಮಾತ್ರ ಬಿಟ್ಟೀರೇನೋ?"

ಇದಕ್ಕಿಂತ ಒಳ್ಳೆಯ ಸಂಶೋಧನಾ ಪ್ರಶ್ನೆಯನ್ನು ನಮ್ಮ ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಕೋಶಗಳ ಸುತ್ತ ಸಕ್ಕರೆ ತುಂಬಿ ತುಳುಕುತ್ತಿರುತ್ತದೆ. ಅವು ಅದನ್ನು ಹೆಚ್ಚು ತಿನ್ನುತ್ತವಾ, ತಿಂದೂ ಕೆಲಸ ಮಾಡುವುದಿಲ್ಲವಾ? ಹುಡುಗಿಯ ಥೀಸಿಸ್ಸಿನ ಮೂರನೇ ಅಧ್ಯಾಯ ಪೂರ್ತಿ ಅಜ್ಜಿಯ ಮಾತಿಗೆ ಉತ್ತರ.

ಇಲ್ಲಿ ಆಗದ್ದನ್ನು ಹೊರಗೆ ಮಾಡಿಸುತ್ತೇವೆ, ಮುಚ್ಚಿಡುವಂಥದ್ದೇನಿಲ್ಲ. ಸಕ್ಸಿನೇಟ್, ಇಟಕೋನೇಟ್ ಇತ್ಯಾದಿ ಅಳೆಯಲು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಬೇಕು, ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಕೋಶದೊಳಗಿನ ಎಟಿಪಿ ಸೆಕೆಂಡುಗಳಲ್ಲಿ ಬದಲಾಗುವ ವಸ್ತು, ಹಾಗಾಗಿ ಕೊರೆಯುವಷ್ಟು ತಣ್ಣಗಿರುವ ಮೆಥನಾಲ್ ಸುರಿದು ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸಬೇಕು. ಆಮೇಲೆ ಹೆಪ್ಪುಗಟ್ಟಿಸಿಕೊಂಡು ಸಾಗಿಸಬೇಕು. ಡ್ರೈ ಐಸ್ ಇಲ್ಲಿ ಸಿಗುವುದಿಲ್ಲ. ದಾರಿ ತೋರಿಸಿದ್ದು ಒಬ್ಬ ಪಶುವೈದ್ಯ ಸ್ನೇಹಿತರು. ಎಮ್ಮೆ, ಹಸುಗಳಿಗೆ ಇಂಜೆಕ್ಷನ್ ಹಾಕಿಸುತ್ತಾರಲ್ಲ, ಆ ಹೋರಿ ವೀರ್ಯದ ಕಡ್ಡಿಗಳನ್ನು ಇಡುವುದು ಮೈನಸ್ 196 ಡಿಗ್ರಿಯ ದ್ರವ ನೈಟ್ರೊಜನ್ನಿನಲ್ಲಿ. ಅದು ತಾಲೂಕು ತಾಲೂಕಿಗೂ ಹೋಗುತ್ತದೆ. ಅದೇ ಸರಬರಾಜುದಾರರಿಂದ ನಾವೂ ಕೊಳ್ಳಲು ಶುರು ಮಾಡಿದೆವು. ದ್ರವ ನೈಟ್ರೊಜನ್ ಹೀರಿಸಿಟ್ಟ ಡ್ರೈ ಶಿಪ್ಪರ್ ಕ್ಯಾನನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕಿಟಕಿ ಇಳಿಸಿಕೊಂಡು, ಹಿರಿಯೂರು, ಶಿರಾ ದಾಟಿ ಹೋಗುವುದು. ಕಿಟಕಿ ಇಳಿಸುವುದು ಗಾಳಿಗಲ್ಲ. ನೈಟ್ರೊಜನ್ ಆವಿಯಾಗಿ ಕಾರು ತುಂಬಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಇದೂ ತರಬೇತಿಯ ಭಾಗವೇ.

ಯುರೋಪಿನಲ್ಲಿ ಹೀಗೆ ಬೇರೆ ಲ್ಯಾಬಿಗೆ ಹೋಗಿ ಕೆಲಸ ಮಾಡುವುದನ್ನು ವ್ಯವಸ್ಥಿತವಾಗಿ ಮಾಡುತ್ತಾರೆ. ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ನೆಟ್‌ವರ್ಕ್‌ಗಳಿವೆ. ಹಲವು ದೇಶದ ಲ್ಯಾಬು, ಆಸ್ಪತ್ರೆ, ಕಂಪನಿಗಳು ಸೇರಿ ಒಂದು ವಿಷಯ ಹಿಡಿದು ವಿದ್ಯಾರ್ಥಿಗಳನ್ನು ಸಂಬಳದ ನೌಕರರ ಹಾಗೆ ಸೇರಿಸಿಕೊಳ್ಳುತ್ತವೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಆದರೆ ಸೇರುವ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆ ದೇಶದಲ್ಲೇ ಇದ್ದವರಾಗಿರಬಾರದು. ನಮ್ಮ ಮಕ್ಕಳಿಗೆ ಇದು ಅನುಕೂಲವೇ ಆಯಿತಲ್ವಾ. ಒಬ್ಬ ವಿದ್ಯಾರ್ಥಿ ತನ್ನ ಅವಧಿಯ ಮೂರನೇ ಒಂದು ಭಾಗದ ತನಕ ಬೇರೆ ಲ್ಯಾಬಿಗೆ ಹೋಗಿ ಕೆಲಸ ಕಲಿಯಬಹುದು. ಈ ಹೋಗಿಬರುವ ಪದ್ಧತಿಯನ್ನು ನಾವೂ ಕದಿಯಬೇಕು. ನಾನು ಆಗಲೇ ಕದ್ದಿದ್ದೇನೆ. ಬಯೋಕೆಮಿಸ್ಟ್ರಿ ಹುಡುಗಿ ಹಲ್ಲಿನ ಓಪಿಡಿಯಲ್ಲಿ ಕೂರಬೇಕು, ಹಲ್ಲಿನ ಡಾಕ್ಟರ್ ನಮ್ಮಲ್ಲಿ ಪಿಪೆಟ್ ಹಿಡಿಯಬೇಕು. ಅವನು ವಸಡಿನ ಆಳ ಅಳೆಯುವುದನ್ನು ನೋಡದೆ ಅವಳಿಗೆ ಉರಿಯೂತ ಅಂದರೆ ಬರೀ ಸೈಟೊಕೈನ್ ಎಂಬ ಸಂಕೇತ ಪ್ರೋಟೀನುಗಳ ಪಟ್ಟಿಯಾಗಿತ್ತು. ಬಾಯಿ ತೆರೆಸಿ ರಕ್ತ ಒಸರುವುದನ್ನು ನೋಡಿದ ಮೇಲೆ ಅವಳ ಪ್ರಶ್ನೆಗಳೇ ಬದಲಾದವು.

ಅಲ್ಲಿನವರ ಬೇಗ ಮುಗಿಸುವ ಗಡಿಬಿಡಿ ಮಾತ್ರ ನನಗೆ ಬೇಡ. ನಮ್ಮ ಯುಜಿಸಿ 2022ರ ನಿಯಮದಲ್ಲಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಅಂತಿದೆ, ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ವಿನಾಯಿತಿ ಸಿಗಬಹುದು. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಆಮೇಲೆ ಮೇಲಿನ ಹಂತದ ಎಸ್‌ಆರ್‌ಎಫ್ ಆದರೆ 42,000. ಸಿಗದವರ ಪಾಡು ಬೇರೆಯೇ, ಅದನ್ನು ಬರೆಯಲು ಇನ್ನೊಂದು ಪೋಸ್ಟ್ ಬೇಕು.

ಸದ್ಯ ನಮ್ಮ ತಲೆನೋವು ದುಡ್ಡಲ್ಲ, ಮೆಕ್ಕೆಜೋಳ. ವಸಡಿನ ಚಿಕಿತ್ಸೆ ಆದ ಮೂರು ತಿಂಗಳಿಗೆ ರೋಗಿಗಳು ಮತ್ತೆ ಬರಬೇಕು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಅದಕ್ಕೇ ಆ ಅವಧಿ. ಮಳೆಗಾಲದಲ್ಲಿ ಚಿಕಿತ್ಸೆ ಮಾಡಿಸಿಕೊಂಡವರ ಮೂರು ತಿಂಗಳು ಬಂದು ಬೀಳುವುದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಹುಡುಗ ಫೋನ್ ಮಾಡಿದರೆ ಹೊನ್ನಾಳಿ ಅಜ್ಜಿ, "ತೆನಿ ಮುರಿಯೋದು ಮುಗೀಲಿ ಬಿಡಪ್ಪ, ಹಲ್ಲು ಎಲ್ಲೂ ಓಡಿ ಹೋಗಲ್ಲ" ಅನ್ನುತ್ತಾರೆ. ಹಾಗಾಗಿ ಬರುವ ಗಡುವನ್ನು ಸ್ವಲ್ಪ ಸಡಿಲ ಮಾಡಲು ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಬರೆಯುತ್ತಿದ್ದೇವೆ. ಕಾರಣ ಅನ್ನುವ ಕಾಲಂನಲ್ಲಿ ಹುಡುಗಿ "ಕೃಷಿ ಚಟುವಟಿಕೆ" ಅಂತ ಹಾಕಿದ್ದಳು. ಯಾವ ಬೆಳೆ, ಯಾವ ತಿಂಗಳು, ಎಷ್ಟು ವಾರ ತಡ ಅಂತ ಸರಿಯಾಗಿ ಬರಿಯಮ್ಮ ಅಂತ ವಾಪಸ್ ಕಳಿಸಿದ್ದೇನೆ.